ಕೊನೆಯ ಸಾಲಿಗೂ ಪದ ಕೇಳಬೇಕು: ಸ್ವಂತ ಹಾಡು, ಕವಿತೆ ಹೊತ್ತು ಹಳ್ಳಿ ತಿರುಗುವವರಿಗೆ

ಹಳ್ಳಿಯಲ್ಲಿ "ಒಂದು ಪದ ಹೇಳ್ರಿ" ಅಂದರೆ ಹಾಡಿ ಎಂದರ್ಥ. ಪದ ಅಂದರೆ ಹಾಡು, ಪದ ಅಂದರೆ ಶಬ್ದವೂ ಹೌದು. ನೀವೇ ಬರೆದ ಹಾಡನ್ನು ಊರವರು ಮೊದಲ ಸಲ ಕೇಳುತ್ತಿರುತ್ತಾರೆ. ಸಿನಿಮಾ ಹಾಡಾದರೆ ಅರ್ಧ ಕೇಳಿದರೂ ಉಳಿದರ್ಧವನ್ನು ನೆನಪು ತುಂಬಿಕೊಡುತ್ತದೆ. ನಿಮ್ಮ ಹಾಡಿಗೆ ಆ ಅನುಕೂಲವಿಲ್ಲ. ಶಬ್ದ ಕೇಳಲಿಲ್ಲವೋ, ಹಾಡೂ ಇಲ್ಲ. ತಿಂಗಳು ಆರಿಸುವುದರಿಂದ ವೈರು ಕೊಳ್ಳುವವರೆಗೆ ಇಲ್ಲಿ ಹೇಳಿರುವುದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ಕಟ್ಟಕಡೆಯ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ಹೆಂಗಸಿಗೆ ಪದ ಕೇಳುತ್ತದೆಯೇ?

ಯಾವ ತಿಂಗಳು, ಯಾವ ಜಾಗ

ಹಾಡುವವರ ವರ್ಷ ಬೆಳೆಯ ಲೆಕ್ಕದಲ್ಲಿ ನಡೆಯುತ್ತದೆ. ಜೂನ್, ಜುಲೈ ಬಿತ್ತನೆಯ ಕಾಲ. ಮಲೆನಾಡು, ಕರಾವಳಿಯಲ್ಲಂತೂ ಜಡಿಮಳೆ. ಆಗ ಮನೆಯಲ್ಲಿ ಕೂತು ಬರೆಯುವುದೇ ಲೇಸು. ಶ್ರಾವಣ ಹುಟ್ಟಿದ ಮೇಲೆ ಉತ್ತರ ಕರ್ನಾಟಕದ ಎಷ್ಟೋ ಮಠಗಳಲ್ಲಿ ತಿಂಗಳಿಡೀ ಸಂಜೆ ಪುರಾಣ, ಪ್ರವಚನ. ಅದರ ಮುಂಚೆ, ನಡುವೆ ಹಾಡುವವರು ಬೇಕಾಗುತ್ತಾರೆ. ಮಳೆಗಾಲದಲ್ಲಿ ಸೂರಿನಡಿ ಸಿಗುವ ಜಾಗಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಬಂದವರಿಗೆ ಕೂತು ಕೇಳುವ ರೂಢಿ ಮೊದಲೇ ಇದೆ. ಅಮಾವಾಸ್ಯೆಯ ಭಜನೆ, ತಿಂಗಳ ಶಿವಾನುಭವ ಗೋಷ್ಠಿಗಳೂ ಹೀಗೆಯೇ. ಹಾಡಲು ಅವಕಾಶ ಕೇಳಿಕೊಂಡು ಹೋಗುವಾಗ ಆ ಕಡೆ ಸ್ವಾಮಿಗಳನ್ನು "ಅಜ್ಜಾರು" ಅನ್ನುತ್ತಾರೆ, ಮೈಸೂರು ಸೀಮೆಯಲ್ಲಿ "ಬುದ್ಧಿ" ಅನ್ನುತ್ತಾರೆ ಎಂಬುದು ನೆನಪಿರಲಿ.

ಗಣಪತಿ ಪೆಂಡಾಲು ಹೊಸಬರಿಗೆ ಬೇಡ. ಅಲ್ಲಿ ಕುಣಿಯುವ ಹಾಡೇ ಬೇಕು, ಪಕ್ಕದ ಓಣಿಯಲ್ಲಿ ಡಿಜೆ ಬೇರೆ ಇರುತ್ತದೆ. ನವೆಂಬರ್ ಇಡೀ ರಾಜ್ಯೋತ್ಸವ. ಡಿಸೆಂಬರಿನಿಂದ ಫೆಬ್ರವರಿವರೆಗೆ ಶಾಲಾ ವಾರ್ಷಿಕೋತ್ಸವ. ಸಂಕ್ರಾಂತಿ, ಬನದ ಹುಣ್ಣಿಮೆಯ ಹೊತ್ತಿಗೆ ಜಾತ್ರೆಗಳ ಸಾಲು. ಬಾದಾಮಿ ಬನಶಂಕರಿ, ಕೊಪ್ಪಳದ ಗವಿಮಠ, ಸುತ್ತೂರಿನಂಥ ದೊಡ್ಡ ಜಾತ್ರೆಯ ಮುಖ್ಯ ವೇದಿಕೆಯ ಮೇಲೆ ಕಣ್ಣಿಡುವ ಬದಲು ಸಣ್ಣ ಊರಿನ ಜಾತ್ರೆಯಲ್ಲಿ ತೇರಿನ ಮರುದಿನ ಸಂಜೆಯನ್ನು ಕೇಳಿ ನೋಡಿ. ತೇರಿನ ರಾತ್ರಿ ನಾಟಕವೋ ಬಯಲಾಟವೋ ಇರುತ್ತದೆ; ಮರುದಿನ ನೆಂಟರು ಇನ್ನೂ ಊರಲ್ಲೇ ಇರುತ್ತಾರೆ, ಹೊತ್ತು ಕಳೆಯಲು ಏನೂ ಇರುವುದಿಲ್ಲ. ಏಪ್ರಿಲ್ 14ರಿಂದ ಮೇವರೆಗೂ ಊರಿಂದೂರಿಗೆ ಅಂಬೇಡ್ಕರ್ ಜಯಂತಿ. ಹೊಸ ಹಾಡಿನ ಹಸಿವು ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ವಾರಗಳಲ್ಲಿ ಮಾತ್ರ ದಿನ ಹಿಡಿಯಬೇಡಿ. ಮೈಕಿಗೆ ಪರವಾನಗಿ ಸಿಕ್ಕರೂ ಊರಿನ ತಾಯಂದಿರು ನಿಮ್ಮನ್ನು ಕ್ಷಮಿಸುವುದಿಲ್ಲ.

ದಿನ ಗೊತ್ತು ಮಾಡುವಾಗ "ಊರಲ್ಲಿ ಈಗ ಯಾವ ಸುಗ್ಗಿ?" ಎಂದು ಕೇಳಲೇಬೇಕು. ರಾಗಿ ಕೊಯ್ಲು ನವೆಂಬರ್, ಡಿಸೆಂಬರ್. ಬಿಳಿಜೋಳದ್ದು ಫೆಬ್ರವರಿ ಹೊತ್ತಿಗೆ. ಕಾಫಿ ಹಣ್ಣು ಬಿಡಿಸುವುದು ನವೆಂಬರ್, ಡಿಸೆಂಬರಿನಿಂದ ಆಚೆ. ಕಣದಲ್ಲಿ ಕೆಲಸವಿದ್ದಾಗ ಎಂಟು ಗಂಟೆಗೆ ಊರು ಮಲಗಿರುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಇದೇ ತಿರುವುಮುರುವು: ರಾತ್ರಿ ಸುಲಿಯಲು ಕೂತವರ ಕೈಗೆ ಕೆಲಸ, ಕಿವಿ ಖಾಲಿ. ಅಂಥ ಅಂಗಳದಲ್ಲಿ ಮೈಕಿಲ್ಲದೆ ಒಂದು ಗಂಟೆ ಹಾಡಬಹುದು. ಕವಿತೆ ಓದಲು ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ.

ಜಾಗದ ಬಗ್ಗೆ ಇನ್ನೊಂದು ಮಾತು. ದೇವಸ್ಥಾನದ ಕಟ್ಟೆ ನೋಡಲು ಚಂದ, ಸಂಘಟಕರಿಗೂ ಸಲೀಸು. ಆದರೆ ಆ ಅಂಗಳದೊಳಗೆ ಎಲ್ಲ ಕೇರಿಯವರೂ ಬಂದು ಕೂರುತ್ತಾರೆಯೇ, ಕೆಲವರು ರಸ್ತೆಯಾಚೆ ನಿಂತು ಕೇಳುತ್ತಾರೆಯೇ ಎಂಬುದನ್ನು ಮುಂಚೆಯೇ ವಿಚಾರಿಸಿ. ಅನುಮಾನ ಬಂದರೆ "ಶಾಲೆ ಮೈದಾನ ಆದರೆ ನಮಗೆ ಅನುಕೂಲ, ಕರೆಂಟು ಹತ್ತಿರ" ಎಂದು ಹೇಳಿ ಜಾಗ ಬದಲಿಸಿಕೊಳ್ಳಿ. ಕಾರಣ ನಿಜವೇ, ಜಗಳವೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ನಲವತ್ತು ಐವತ್ತು ಜನರ ಕೂಟಕ್ಕೆ ಸಾಕು; ಗ್ರಂಥಪಾಲಕರಿಗೆ ಇಂಥ ಕಾರ್ಯಕ್ರಮ ಬೇಕಾಗಿಯೂ ಇರುತ್ತದೆ. ಗಡಿಯಾಚೆ ಜತ್ತ, ಅಕ್ಕಲಕೋಟೆ, ಮಡಕಶಿರಾ, ತಾಳವಾಡಿ, ಕಾಸರಗೋಡಿನ ಕನ್ನಡದ ಊರುಗಳನ್ನೂ ಪಟ್ಟಿಗೆ ಹಾಕಿಕೊಳ್ಳಿ. ಕನ್ನಡದ ಹೊಸ ಹಾಡು ಅಲ್ಲಿಗೆ ಹೋಗುವುದು ಕಡಿಮೆ.

ವೀಳ್ಯ ಮತ್ತು ಲೆಕ್ಕ

ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ಅದೇ ದಿನ ಒಂದು ವಾಟ್ಸ್ಆ್ಯಪ್ ಸಂದೇಶ ಹಾಕಿ. ಮಾದರಿ ಹೀಗಿರಲಿ:

"ನಮಸ್ಕಾರ ಅಣ್ಣಾರ. ಫೆ. 8 ಭಾನುವಾರ ರಾತ್ರಿ 7.30ಕ್ಕೆ ಶಾಲೆ ಮೈದಾನದಲ್ಲಿ ನಮ್ಮ ಹಾಡು, ಕವಿತೆ. 75 ನಿಮಿಷ. ನಾವು ಇಬ್ಬರು, ನಿಮ್ಮ ಊರಿನ ಢೋಲಕಿಯವರು ಒಬ್ಬರು. ಮೈಕ್‌ಸೆಟ್, ಠಾಣೆ ಪರವಾನಗಿ, ರಾತ್ರಿ ಊಟ, ವಸ್ತಿ ನಿಮ್ಮ ಕಡೆಯಿಂದ. ಸಂಭಾವನೆ 11,000, ವೀಳ್ಯ (ಮುಂಗಡ) 3,000 ಈಗ, ಉಳಿದದ್ದು ಹಾಡು ಮುಗಿದ ಮೇಲೆ ಅಲ್ಲೇ. ಮಳೆಯಾದರೆ ಅಥವಾ ಊರಲ್ಲಿ ಸಾವಾದರೆ ಬದಲಿ ದಿನ ಫೆ. 15. ಸಂಜೆ 5ಕ್ಕೆ ಬರುತ್ತೇವೆ. ಸರಿ ಅಂತ ಒಂದು ಉತ್ತರ ಹಾಕಿರಿ."

ಸಾವಿನ ಮಾತು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಿರಿ. ಊರಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಮೈಕು ಹಚ್ಚುವುದಿಲ್ಲ. ಅದು ಸರಿಯೂ ಹೌದು. ಬದಲಿ ದಿನ ಮೊದಲೇ ಗೊತ್ತಿದ್ದರೆ ಕೊಟ್ಟ ವೀಳ್ಯದ ಬಗ್ಗೆ ಎರಡೂ ಕಡೆ ಮುಜುಗರ ಹುಟ್ಟುವುದಿಲ್ಲ. ಪರವಾನಗಿಯ ಅರ್ಜಿ ಸಂಘಟಕರ ಹೆಸರಿನಲ್ಲೇ, ಸ್ಥಳೀಯ ಪೊಲೀಸ್ ಠಾಣೆಯ ಮೂಲಕ ಹೋಗಲಿ. ಪ್ರತಿಯ ಫೋಟೊ ನಿಮ್ಮ ಫೋನಿನಲ್ಲಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು, ಆದರೆ ಅದರಲ್ಲಿ ನಿಮ್ಮ ದಿನ ಇದೆಯೆಂದು ಯಾರೋ ಹೇಳಿದ್ದನ್ನು ನಂಬಬೇಡಿ. ಗಡಿಯಾರ ಯಾವಾಗಲೂ 10ರಿಂದ ಹಿಂದಕ್ಕೆ ಎಣಿಸಬೇಕು.

ಸಂಭಾವನೆ ಎಷ್ಟು ಕೇಳಬೇಕು ಎಂಬುದಕ್ಕೆ ಊರಿನ ದರ ನೋಡಬೇಡಿ, ನಿಮ್ಮ ಖರ್ಚು ನೋಡಿ. ಒಂದು ಉದಾಹರಣೆ: ಇಬ್ಬರು, ಐದು ದಿನ, ನಾಲ್ಕು ಊರು, 600 ಕಿ.ಮೀ. ಕಾರು ಲೀಟರಿಗೆ 15 ಕಿ.ಮೀ. ಕೊಟ್ಟು, ಲೀಟರಿಗೆ 100 ರೂಪಾಯಿ ಹಿಡಿದರೆ 4,000. ದಾರಿಯ ಊಟ, ಚಹಾ ತಲೆಗೆ ದಿನಕ್ಕೆ 300ರಂತೆ 3,000. ಢೋಲಕಿಯವರಿಗೆ ಊರಿಗೆ 1,500ರಂತೆ 6,000. ಒಂದು ರಾತ್ರಿ ಲಾಡ್ಜು 1,500. ತಂತಿ, ಬ್ಯಾಟರಿ, ಸವಕಳಿ 1,500. ಒಟ್ಟು 16,000, ನೂರಕ್ಕೆ ಹತ್ತರಷ್ಟು ಕೈಮೀರಿದ ಖರ್ಚು ಸೇರಿಸಿದರೆ 17,600. ಇಬ್ಬರಿಗೂ ದಿನಕ್ಕೆ 1,500ರಂತೆ ಕೂಲಿ 15,000. ಅಲ್ಲಿಗೆ 32,600. ಇದನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ನಾಲ್ಕರಲ್ಲಿ ಒಂದು ಕೈಕೊಡುತ್ತದೆ, ಇಲ್ಲವೇ ಅದರ ಹಣ ತಡವಾಗುತ್ತದೆ ಎಂದೇ ಎಣಿಸಿ ಹೊರಡಬೇಕು. ಊರಿಗೆ ಸುಮಾರು 11,000 ಬಂತು. ಬಸ್ಸಿನಲ್ಲಿ ಹೋದರೆ ಲೆಕ್ಕ ಇಳಿಯುತ್ತದೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಸಾಮಾನ್ಯ ಸಾರಿಗೆಯಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇನ್ನಷ್ಟು ಉಳಿಸುತ್ತದೆ. ಕೂಲಿ ಬರೆಯದ ಲೆಕ್ಕ ಮಾತ್ರ ಲೆಕ್ಕವೇ ಅಲ್ಲ. ಎರಡನೇ ವರ್ಷಕ್ಕೆ ತಿರುಗಾಟ ಬಿಟ್ಟವರಲ್ಲಿ ಹೆಚ್ಚಿನವರು ಆ ಒಂದು ಸಾಲನ್ನು ಬಿಟ್ಟವರೇ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಅಕಾಡೆಮಿಗಳ ಕಾರ್ಯಕ್ರಮದ ಹಣ ನೇರ ಬ್ಯಾಂಕಿಗೆ ಬರುತ್ತದೆ, ತಿಂಗಳುಗಳೇ ಹಿಡಿಯಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕದ ಮೊದಲ ಪುಟ, ಎರಡು ಫೋಟೊ ಒಂದು ಕಡತದಲ್ಲಿ ಸದಾ ಇರಲಿ. ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಬೇಕು. ಬಿಲ್ಲು ನಿಲ್ಲುವುದು ಹೆಚ್ಚಾಗಿ ಇಲ್ಲೇ. ಇಂಥ ಹಣವನ್ನು ನಂಬಿ ಡೀಸೆಲ್ ಹಾಕಿಸಬೇಡಿ.

ಚೀಲದಲ್ಲಿ ಏನಿರಬೇಕು

ಗಿಟಾರ್ ಹಿಡಿದವರು ಮೊದಲ ಮತ್ತು ಎರಡನೇ ತಂತಿಯನ್ನು ಬಿಡಿಯಾಗಿ ಮೂರು ಮೂರು ಇಟ್ಟುಕೊಳ್ಳಿ, ಹರಿಯುವುದು ಅವೇ. ಕರಾವಳಿಯಲ್ಲಿ ಪ್ರತಿ ಹಾಡಿಕೆಯ ನಂತರ ಒಣಬಟ್ಟೆಯಲ್ಲಿ ತಂತಿ ಒರೆಸದಿದ್ದರೆ ಕೆಲವೇ ದಿನಗಳಲ್ಲಿ ತುಕ್ಕು. ಪೆಟ್ಟಿಗೆಯೊಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಯಲುಸೀಮೆಯಲ್ಲಿ ಕಷ್ಟ ಬೇರೆ: ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ವಾದ್ಯ ಬಿಟ್ಟರೆ ಬ್ರಿಡ್ಜಿನ ಅಂಟು ಮೆತ್ತಗಾಗಿ ಮೇಲೇಳುತ್ತದೆ, ಹತ್ತಿರದಲ್ಲಿ ರಿಪೇರಿಯೂ ಸಿಗುವುದಿಲ್ಲ. ಊಟಕ್ಕೆ ಇಳಿದಾಗ ವಾದ್ಯವೂ ಇಳಿಯಲಿ. ಏಕತಾರಿಯ ಸೋರೆ ಬುರುಡೆ ಬಸ್ಸಿನ ಮೇಲಿನ ಹಲಗೆಗೆ ಹೋಗಬಾರದು. ತೊಡೆಯೇ ಅದರ ಜಾಗ.

ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ಜೊತೆ ಹಾಡುವ ಸಂದರ್ಭ ಬಂದೇ ಬರುತ್ತದೆ. ಶ್ರುತಿ ಹೇಳುವಾಗ ಅವರಿಗೆ ಸಿ ಶಾರ್ಪ್ ಎನ್ನಬೇಡಿ. ಉತ್ತರದಲ್ಲಿ "ಕಾಳಿ ಏಕ್", ದಕ್ಷಿಣದಲ್ಲಿ "ಕಪ್ಪು ಒಂದು". ಗಿಟಾರಿನಲ್ಲಿ ಅದು ಮೊದಲ ಮನೆಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತುವ ಕ್ಲಿಪ್ಪು) ಹಾಕಿ ಸಿ ಹಿಡಿದಂತೆ. "ಪಾಂಢರಿ ಚಾರ್" ಅಥವಾ "ಬಿಳಿ ನಾಲ್ಕು" ಅಂದರೆ ಎಫ್, ಅದೇ ಕೇಪೋ ಇಟ್ಟು ಇ ಹಿಡಿದರಾಯಿತು. ಹಳೆಯ ಹಾರ್ಮೋನಿಯಂಗಳು ಟ್ಯೂನರಿನ ಮಾಮೂಲಿ 440 ಹರ್ಟ್ಸ್ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ರೀಡನ್ನು ಆ ಹೊತ್ತಿಗೆ ತಿದ್ದಲಾಗುವುದಿಲ್ಲ, ತಂತಿ ತಿದ್ದಬಹುದು. ಆದ್ದರಿಂದ 435ರಿಂದ 445ರವರೆಗೆ ಹೊಂದಿಸಬಹುದಾದ ಟ್ಯೂನರ್ ಇಟ್ಟುಕೊಂಡು ನೀವೇ ಅವರ ಶ್ರುತಿಗೆ ಬನ್ನಿ.

ಉಳಿದಂತೆ: ನಿಮ್ಮದೇ ಎರಡು ಡೈನಮಿಕ್ ಮೈಕು, ಎರಡಕ್ಕೂ ಸ್ಪಂಜಿನ ಟೋಪಿ. ನಾಲ್ಕರಿಂದ ಆರು ಚಾನೆಲ್ಲಿನ ಸಣ್ಣ ಮಿಕ್ಸರ್. 10 ಮೀಟರಿನ ಎರಡು ಮೈಕ್ ವೈರು, ಅದರಲ್ಲಿ ಒಂದಕ್ಕೆ ಕೊನೆಯಲ್ಲಿ ಪಿ-38 ಜ್ಯಾಕು (ಕಾಲಿಂಚು ದಪ್ಪದ್ದು) ಇರಲೇಬೇಕು, ಏಕೆಂದರೆ ಹಳ್ಳಿಯ ಆಂಪ್ಲಿಫೈಯರುಗಳ ಮೈಕ್ ತೂತು ಹೆಚ್ಚಾಗಿ ಅದೇ ಗಾತ್ರದ್ದು. ಪಿ-38ರಿಂದ ಆರ್‌ಸಿಎಗೆ (ಹಳೆ ಟಿವಿ, ಡಿವಿಡಿಯ ಕೆಂಪು-ಬಿಳಿ ಪಿನ್ನು) ಹೋಗುವ ವೈರು ಎರಡು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈ ಹೆಸರು ಹೇಳಿದರೆ ಸಾಕು, ಕೊಡುತ್ತಾರೆ. ಮೂರು ಎಳೆಯ, 1.5 ಚದರ ಮಿ.ಮೀ. ತಂತಿಯ 10 ಮೀಟರ್ ಎಕ್ಸ್‌ಟೆನ್ಷನ್ ಬೋರ್ಡು. ಅದರ ಬಾಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು, ಹಾಕಿಸಿ. ಟೆಸ್ಟರ್, ಮಲ್ಟಿಮೀಟರ್, ಟೇಪು, 9 ವೋಲ್ಟಿನ ಹೊಸ ಬ್ಯಾಟರಿ, ಟಾರ್ಚು, ಎರಡಡಿ ಚೌಕದ ರಬ್ಬರ್ ಚಾಪೆ. ಹಾಡಿನ ಸಾಲುಗಳು ಫೋನಿನಲ್ಲಿ ಬೇಡ, ಕಾಗದದಲ್ಲಿರಲಿ. ಮುಖಕ್ಕೆ ಬೆಳಕು ಬಿದ್ದ ಕೂಡಲೇ ಹುಳ ಬಾಯಿಗೇ ಬರುತ್ತದೆ.

ಮೈಕ್‌ಸೆಟ್

ಆ ರಾತ್ರಿ ನಿಮ್ಮ ಮರ್ಯಾದೆಯ ಅರ್ಧ ಮೈಕ್‌ಸೆಟ್‌ನವರ ಕೈಯಲ್ಲಿರುತ್ತದೆ. ಬಂದ ಕೂಡಲೇ ಸ್ವಾಮಿಗಳಿಗಿಂತ ಮೊದಲು ಅವರನ್ನು ಕಾಣಿ, ಹೆಸರು ಕೇಳಿ, ಅಣ್ಣ ಎನ್ನಿ, ಚಹಾ ಜೊತೆಗೇ ಕುಡಿಯಿರಿ. ಅವರ ಸಲಕರಣೆ ಸರಿಯಿಲ್ಲ ಎಂದು ಊರವರ ಮುಂದೆ ಹೇಳಿದರೆ ರಾತ್ರಿಯಿಡೀ ನೀವು ಕೂಗುವುದೇ ಆಗುತ್ತದೆ.

ಮೊದಲು ಕರೆಂಟು. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಸಂಜೆ ದೀಪ ಹತ್ತುವ ಹೊತ್ತಿಗೆ ಅದು 180ಕ್ಕೂ ಇಳಿಯಬಹುದು. ಹಾಗಾಗಿ ಐದು ಗಂಟೆಗೊಮ್ಮೆ, ಏಳಕ್ಕೊಮ್ಮೆ ನೋಡಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ನಾಲ್ಕೈದು ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತಿಂಗ್ ಇಲ್ಲವೆಂದೇ ತಿಳಿಯಿರಿ. ಬೋರ್ಡಿನ ತೂತಿಗೆ ಬರಿ ವೈರು ಸಿಕ್ಕಿಸಿ ಬೆಂಕಿಕಡ್ಡಿ ಚುಚ್ಚಿದ್ದು ಕಂಡರೆ ಪ್ಲಗ್ ಹಾಕಿಸದೆ ಮುಂದುವರಿಯಬೇಡಿ. ಮೈಕು ತುಟಿಗೆ ತಾಗಿದಾಗ ಚುರ್ ಎನ್ನುವುದು ಇಲ್ಲಿಂದಲೇ: ಅರ್ತ್ ಇಲ್ಲದ ಆಂಪ್ಲಿಫೈಯರಿನ ಮೈಗೆ ಕರೆಂಟು ಸೋರುತ್ತಿರುತ್ತದೆ, ನೀವು ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತಿರುತ್ತೀರಿ. ದೇವಸ್ಥಾನದ ಕಟ್ಟೆಯ ಮೇಲೆ ಚಪ್ಪಲಿ ಹಾಕುವಂತಿಲ್ಲ, ತೊಳೆದ ಕಲ್ಲು ಇನ್ನೂ ಒದ್ದೆ. ರಬ್ಬರ್ ಚಾಪೆ ಹೊತ್ತದ್ದು ಇದಕ್ಕೇ. ಚಾಪೆ ಇದೆಯೆಂದು ಅರ್ತ್ ಪಿನ್ ಮುರಿದು ಗುಂಯ್ ಸದ್ದು ಕಳೆಯುವ ಉಪಾಯಕ್ಕೆ ಮಾತ್ರ ಒಪ್ಪಬೇಡಿ. ಗುಂಯ್ ಸದ್ದಿಗೆ ಅರ್ಧ ಪಾಲು ಕಾರಣ ಬಣ್ಣದ ಸೀರಿಯಲ್ ದೀಪದ ಸೆಟ್ಟು. ಅದನ್ನು ಬೇರೆ ಬೋರ್ಡಿಗೆ ಹಾಕಿಸಿ ನೋಡಿ.

ಕರೆಂಟು ಹೋದರೆ? ಜನರೇಟರ್ ಬರುವವರೆಗೆ ಜನ ಕಾಯುವುದಿಲ್ಲ. ಅಹುಜಾದಂಥ ಹಳ್ಳಿ ಆಂಪ್ಲಿಫೈಯರುಗಳಲ್ಲಿ ಬಹಳಷ್ಟಕ್ಕೆ ಹಿಂದುಗಡೆ 12 ವೋಲ್ಟಿನ ಎರಡು ತಿರುಪು ಇರುತ್ತವೆ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಎರಡು ದಪ್ಪ ವೈರು ಎಳೆದರೆ ಒಂದು ಸಂಜೆ ಆರಾಮಾಗಿ ಸಾಗುತ್ತದೆ. ಕೆಂಪು ತುದಿ ಪ್ಲಸ್ಸಿಗೇ ಹೋಗಲಿ, ತಿರುವುಮುರುವಾದರೆ ಫ್ಯೂಸ್ ಹಾರುತ್ತದೆ. ಬ್ಯಾಟರಿ ಯಾರ ಟ್ರ್ಯಾಕ್ಟರಿನದು ಎಂಬುದನ್ನು ಸಂಜೆಯೇ ಗೊತ್ತು ಮಾಡಿಕೊಂಡಿರಿ. ನಿಮ್ಮ ಮಿಕ್ಸರಿಗೆ ಪವರ್ ಬ್ಯಾಂಕಿನಲ್ಲಿ ನಡೆಯುವಂಥದ್ದನ್ನು ಕೊಂಡಿದ್ದರೆ ಕತ್ತಲಲ್ಲೂ ಹಾಡು ನಿಲ್ಲುವುದಿಲ್ಲ.

ಈಗ ಸದ್ದು. ನಿಮ್ಮ ಮೈಕು, ಗಿಟಾರ್ ಎರಡನ್ನೂ ನಿಮ್ಮ ಮಿಕ್ಸರಿನಲ್ಲೇ ಸೇರಿಸಿ, ಅಣ್ಣನಿಗೆ ಒಂದೇ ವೈರು ಕೊಡಿ. ಅದು ಆಂಪ್ಲಿಫೈಯರಿನಲ್ಲಿ ಆಕ್ಸ್ (AUX) ಎಂದು ಬರೆದ ತೂತಿಗೆ ಹೋಗಲಿ. ಮೈಕ್ ತೂತಿಗೆ ಹಾಕಿದರೆ ಮಿಕ್ಸರಿನ ಸದ್ದು ಅದಕ್ಕೆ ಹೆಚ್ಚಾಗಿ ಒಡೆದು ಕರ್ಕಶವಾಗುತ್ತದೆ. ಬೆಳಗಾವಿಯಲ್ಲಿ ಒಂದು, ಚಾಮರಾಜನಗರದಲ್ಲಿ ಇನ್ನೊಂದು ಆಂಪ್ಲಿಫೈಯರ್ ಸಿಕ್ಕರೂ ನಿಮ್ಮ ದನಿ ನಿಮ್ಮದಾಗಿ ಉಳಿಯಲು ಇರುವುದು ಇದೊಂದೇ ದಾರಿ. ಸ್ಪೀಕರುಗಳು ನಿಮ್ಮ ಬೆನ್ನ ಹಿಂದೆ ಇರಬಾರದು, ಕೂಯ್ ಎನ್ನುತ್ತವೆ. ಮೈಕಿಗಿಂತ ಕನಿಷ್ಠ ಆರಡಿ ಮುಂದೆ, ಏಳೆಂಟು ಅಡಿ ಎತ್ತರದಲ್ಲಿ, ಬಾಯಿ ತುಸು ಕೆಳಗೆ ಮಾಡಿ ನಿಲ್ಲಿಸಿ.

ಹಾರ್ನ್ ಸ್ಪೀಕರುಗಳನ್ನು ನೋಡಿ ಮುಖ ಕಿವುಚಬೇಡಿ. ಅವು ಗಿಟಾರಿನ ಮಂದ್ರವನ್ನೆಲ್ಲ ನುಂಗುತ್ತವೆ ನಿಜ, ಆದರೆ ಮನುಷ್ಯನ ಮಾತಿನ ಶಬ್ದಗಳನ್ನು ಅರ್ಧ ಮೈಲಿ ಒಯ್ಯುತ್ತವೆ. ಹಾರ್ನ್ ಮಾತ್ರ ಇರುವ ಊರಲ್ಲಿ ವಾದ್ಯವನ್ನು ಅರ್ಧಕ್ಕೆ ಇಳಿಸಿ, ದಪ್ಪ ತಂತಿ ಬಿಟ್ಟು ಮೇಲಿನ ತಂತಿಗಳಲ್ಲೇ ನುಡಿಸಿ. ತೊಂದರೆ ಕೊಡುವುದು ದೂರದ ಮರಕ್ಕೆ ಕಟ್ಟಿದ ಹಾರ್ನ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಆಚೆಯ ಹಾರ್ನಿನಿಂದ ನಿಮ್ಮ ದನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ನಿಮಗೇ ವಾಪಸ್ ಕೇಳುತ್ತದೆ. ಅದಕ್ಕೆ ಕಾಯುತ್ತಾ ನೀವು ನಿಧಾನಿಸುತ್ತೀರಿ, ಅಷ್ಟರಲ್ಲಿ ಢೋಲಕಿ ಮುಂದೆ ಹೋಗಿರುತ್ತದೆ. ಹತ್ತಿರದ ಒಂದು ಸ್ಪೀಕರನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ, ಇಲ್ಲವೇ ಢೋಲಕಿಯವರ ಕೈ ನೋಡಿ ಹಾಡಿ, ಕಿವಿ ನಂಬಬೇಡಿ.

ಎಕೋ ಎಂಬ ಗುಂಡಿ ಸೊನ್ನೆಗೆ ಬರಲಿ. ಮೈಕ್‌ಸೆಟ್‌ನವರಿಗೆ ಅದರ ಮೇಲೆ ವಿಪರೀತ ಪ್ರೀತಿ, ದನಿ ಸಿನಿಮಾದಂತೆ ಕೇಳುತ್ತದೆ ಎಂದು. "ಅಣ್ಣ, ಕವಿತೆ ಐತಿ, ಅಕ್ಷರ ಕಲಸಬಾರದು" ಎಂದರೆ ಅರ್ಥವಾಗುತ್ತದೆ. ಕೊನೆಗೆ ಪರೀಕ್ಷೆ: ಮೈದಾನದ ಕೊನೆಯಲ್ಲಿ ಊರಿನ ಒಬ್ಬ ಹುಡುಗನನ್ನು ನಿಲ್ಲಿಸಿ. ಹಲೋ ಮೈಕ್ ಟೆಸ್ಟಿಂಗ್ ಬೇಡ, ಹಾಡೂ ಬೇಡ. ಅವನು ಕೇಳಿರದ ಕವಿತೆಯ ನಾಲ್ಕು ಸಾಲು ಓದಿ. ಪ್ರತಿ ಸಾಲಿನ ಕೊನೆಯ ಪದವನ್ನು ಅವನು ಕೂಗಿ ಹೇಳಬೇಕು. ನಾಲ್ಕರಲ್ಲಿ ಮೂರು ಸರಿಯಾದರೆ ಸಾಕು. ತಪ್ಪಿದರೆ ವಾಲ್ಯೂಮ್ ಏರಿಸುವ ಮೊದಲು ಬಾಸ್ ಇಳಿಸಿ. ಅಕ್ಷರ ಮುಚ್ಚುವುದು ಸಾಮಾನ್ಯವಾಗಿ ಅದೇ. ಜನ ತುಂಬಿದ ಮೇಲೆ ಮೈಗಳು ಸದ್ದು ಹೀರುತ್ತವೆ, ಆಗ ಒಂದು ಗೀಟು ಏರಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಬಿಳಿ ದೀಪವನ್ನು ವೇದಿಕೆಯಿಂದ ಹದಿನೈದು ಅಡಿ ಆಚೆ ಒಂದು ಕಂಬಕ್ಕೆ ಕಟ್ಟಿಸಿ, ನಿಮ್ಮ ಮೇಲೆ ಹಳದಿ ಬಲ್ಬು ಸಾಕು. ಹುಳಗಳು ಆ ಕಡೆ ಹೋಗುತ್ತವೆ.

ಬಯಲಿಗೆ ಬರೆಯುವುದು

ಪುಸ್ತಕಕ್ಕೆ ಬರೆದದ್ದು ಬಯಲಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಯಾವ ಸಾಲು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದಕ್ಕೆ ಕಾರಣಗಳಿವೆ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ಅದು ನಮ್ಮ ಪುಣ್ಯ. ಆದರೆ ಉ, ಇ ಕೊನೆಯಾದ ಸಾಲು ಗಾಳಿಯಲ್ಲಿ ಕರಗುತ್ತದೆ. ಆ, ಏ, ಓ ಕೊನೆಯಾದದ್ದು ದೂರ ಹೋಗುತ್ತದೆ. ಜನಪದ ಹಾಡುಗಳು ಸಾಲಿನ ಕೊನೆಗೆ ಯವ್ವಾ, ತಮ್ಮಾ, ಕೇಳೋ ಎಂದು ಬಾಲ ಕಟ್ಟುವುದು ಬರೀ ಪ್ರೀತಿಗಲ್ಲ. ಅದು ಸಾಲನ್ನು ಕೊನೆಯವರೆಗೆ ತಳ್ಳುವ ಯುಕ್ತಿ, ಉಸಿರು ಎಳೆದುಕೊಳ್ಳಲು ಸಂದು ಕೂಡ. ಹೊಸ ಹಾಡಿನಲ್ಲಿ ಅದೇ ಪದ ಬೇಡ. ಪಲ್ಲವಿಯ ಕೊನೆಯಾದರೂ ತೆರೆದ ದೀರ್ಘಸ್ವರದಲ್ಲಿರಲಿ.

ಪಲ್ಲವಿ ಏಳೆಂಟು ಪದ ಮೀರಬಾರದು, ನಾಲ್ಕು ಸಾಲಿಗೊಮ್ಮೆ ಮರಳಬೇಕು. ಮೊದಲ ಸಾಲನ್ನು ಎರಡು ಸಲ ಹೇಳಿ. ಮೊದಲನೇ ಸಲ ಜನ ನಿಮ್ಮ ದನಿ ಕೇಳುತ್ತಾರೆ, ಎರಡನೇ ಸಲ ಶಬ್ದ. ಒತ್ತಕ್ಷರ ಗುಂಪುಗೂಡಿದ ಸಂಸ್ಕೃತದ ಸಮಾಸ ಹಾರ್ನಿನಲ್ಲಿ ಸದ್ದಾಗಿಯಷ್ಟೇ ಬರುತ್ತದೆ. ಮುಖ್ಯವಾದ ಹೆಸರುಪದವನ್ನು ತಾಳದ ಮೊದಲ ಪೆಟ್ಟಿಗೆ ಕೂರಿಸಿ. ತಾಳ ಎಂಟು ಮಾತ್ರೆಯ ಕೆಹರವಾ ಅಥವಾ ಆರು ಮಾತ್ರೆಯ ದಾದರಾ ಇದ್ದರೆ ಯಾವ ಊರಿನ ಢೋಲಕಿಯವರೂ ರಿಹರ್ಸಲ್ ಇಲ್ಲದೆ ಸೇರಿಕೊಳ್ಳುತ್ತಾರೆ. ಏಳರ ತಾಳದಲ್ಲಿ ಬರೆದ ಒಂದೇ ಹಾಡು ಇರಲಿ, ಅದನ್ನು ಅವರಿಲ್ಲದೆ ಹಾಡಿ.

ಭಾಷೆಯ ವಿಷಯದಲ್ಲಿ ನಟಿಸಬೇಡಿ. ಮಂಡ್ಯದವರು ಹುನಗುಂದದಲ್ಲಿ ನಿಂತು ಆ ಸೀಮೆಯ ಮಾತು ಆಡಹೊರಟರೆ ಮಕ್ಕಳು ನಗುತ್ತಾರೆ, ದೊಡ್ಡವರು ಸುಮ್ಮನಾಗುತ್ತಾರೆ. ನಿಮ್ಮ ಮಾತಿನಲ್ಲೇ ಹಾಡಿ, ಅಲ್ಲಿ ಗೊತ್ತಿರದ ಒಂದು ಪದವಿದ್ದರೆ ಹಾಡಿಗೆ ಮುಂಚೆ "ನಮ್ಮ ಕಡೆ ಇದಕ್ಕೆ ಹೀಗಂತೀವಿ, ನಿಮ್ಮಲ್ಲಿ ಏನಂತಾರೆ?" ಎಂದು ಕೇಳಿ. ಉತ್ತರ ನಾಲ್ಕು ಕಡೆಯಿಂದ ಬರುತ್ತದೆ, ಆ ಪದ ಹಾಡು ಮುಗಿಯುವವರೆಗೂ ಅವರ ಕಿವಿಯಲ್ಲಿರುತ್ತದೆ.

ಕವಿತೆ ಹದಿನಾರು ಸಾಲಿನೊಳಗಿರಲಿ, ಎರಡು ನಿಮಿಷ. ಹಾಡು ನಿಲ್ಲಿಸಿ, ಕನ್ನಡಕ ಹಾಕಿ, ಹಾಳೆ ತಿರುವಿ "ಈಗ ಒಂದು ಕವಿತೆ" ಎಂದರೆ ಜನ ಏಳುತ್ತಾರೆ. ಹಾಡು ಮುಗಿದರೂ ಶ್ರುತಿ ನಿಲ್ಲಿಸಬೇಡಿ. ಏಕತಾರಿಯೋ ಒಂದು ತಂತಿಯೋ ಮಿಡಿಯುತ್ತಲೇ ಇರಲಿ, ಅದರ ಮೇಲೆ ಕವಿತೆ ಹೇಳಿ, ಮುಂದಿನ ಹಾಡಿಗೆ ದಾಟಿ. ಹಾಡುವಾಗ ಮೈಕು ಬಾಯಿಗೆ ನಾಲ್ಕು ಬೆರಳು ದೂರ, ಕವಿತೆಗೆ ಎರಡು. 75 ನಿಮಿಷಕ್ಕೆ ಒಂಬತ್ತು ಹತ್ತು ಹಾಡು, ನಾಲ್ಕೈದು ಕವಿತೆ, ಉಳಿದದ್ದು ಮಾತು. ಹಾಡಿನ ಮುಂಚಿನ ಮಾತು ಮುಕ್ಕಾಲು ನಿಮಿಷ ದಾಟಬಾರದು, ಹಾಡಿನ ಅರ್ಥವನ್ನು ಮೊದಲೇ ಹೇಳಿಬಿಡಬಾರದು.

ಆ ಸಂಜೆ

ನಿಮಗೆ ಹೇಳಿದ ಹೊತ್ತು 7.30. ಆದರೆ ಹಾಡಿಗೆ ಮುಂಚೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅತಿಥಿಗಳ ಭಾಷಣ ಸೇರಿ ಒಂದೂವರೆ ಗಂಟೆ ತಿನ್ನುತ್ತದೆ. 9ಕ್ಕೆ ಮೈಕು ಕೈಗೆ ಬರುತ್ತದೆ, 10ಕ್ಕೆ ನಿಲ್ಲಿಸಬೇಕು. ಭಾಷಣ ಕಡಿಮೆ ಮಾಡಿ ಎಂದು ಕೇಳುವುದು ವ್ಯರ್ಥ. ಪ್ರಾರ್ಥನೆ ಗೀತೆ ನಮಗೇ ಕೊಡಿ ಎಂದು ಕೇಳಿ, ಸಂತೋಷದಿಂದ ಕೊಡುತ್ತಾರೆ. ಜನರ ಮುಂದೆಯೇ ಮೈಕು ಸರಿಮಾಡಿಕೊಳ್ಳುವ ಅವಕಾಶ ಅದು, ದನಿಯ ಪರಿಚಯವೂ ಆಗುತ್ತದೆ. ಸನ್ಮಾನಕ್ಕೂ ಭಾಷಣಕ್ಕೂ ನಡುವೆ ಇನ್ನೊಂದು ಹಾಡು ತೂರಿಸಿದರೆ ಜನ ಮನೆಗೆ ಹೋಗದೆ ಉಳಿಯುತ್ತಾರೆ. 60, 45, 30 ನಿಮಿಷಕ್ಕೆ ಮೂರು ಪಟ್ಟಿ ಬರೆದಿಟ್ಟುಕೊಂಡಿರಿ. ಮೂರರಲ್ಲೂ ಊರು ಕೂಡಿ ಹಾಡುವ ಹಾಡು ಕೊನೆಯಿಂದ ಎರಡನೆಯದಾಗಿರಲಿ, ಏಕೆಂದರೆ ಕೊನೆಯ ಹಾಡಿನ ಹೊತ್ತಿಗೆ ಅರ್ಧ ಜನ ಚಾಪೆ ಸುತ್ತುತ್ತಿರುತ್ತಾರೆ.

ಹಾಡಿನ ನಡುವೆ ಯಾರೋ ಬಂದು ನೂರರ ನೋಟು ಕೊಡುತ್ತಾರೆ, ನಿರೂಪಕರು ಮೈಕು ಕಸಿದು ಹೆಸರು ಕೂಗುತ್ತಾರೆ. ಅದು ಗೌರವ, ಬೇಡವೆನ್ನಬಾರದು. ಹಾಡು ಮಾತ್ರ ಮುರಿದುಹೋಗುತ್ತದೆ. ಮೊದಲೇ ವೇದಿಕೆಯ ಅಂಚಿನಲ್ಲಿ ಒಂದು ತಟ್ಟೆ, ಒಂದು ಚೀಟಿಪುಸ್ತಕ ಇಡಿಸಿ: "ಕಾಣಿಕೆ ತಟ್ಟೆಗೆ, ಹೆಸರು ಚೀಟಿಗೆ, ಹಾಡು ಮುಗಿದ ಮೇಲೆ ಎಲ್ಲರ ಹೆಸರೂ ಓದುತ್ತೇವೆ." ಹೇಳಿದಂತೆ ಓದಲೇಬೇಕು, ಒಂದು ಹೆಸರೂ ತಪ್ಪದಂತೆ. ಸಿನಿಮಾ ಹಾಡಿಗೆ ಒತ್ತಾಯ ಬಂದರೆ ಒಂದು ಪಲ್ಲವಿ ಹಾಡಿ ಅದೇ ಶ್ರುತಿಯಲ್ಲಿ ನಿಮ್ಮ ಹಾಡಿಗೆ ಜಾರಿಕೊಳ್ಳುವುದು ಜಗಳಕ್ಕಿಂತ ಮೇಲು. ಊಟ ಹಾಡಿಕೆಗೆ ಎರಡು ಗಂಟೆ ಮುಂಚೆ, ಇಲ್ಲವೇ ನಂತರ. ಸಂಜೆಯ ಮಿರ್ಚಿ ಭಜಿಯನ್ನು ಪ್ರೀತಿಯಿಂದ ಕಟ್ಟಿಸಿಕೊಂಡು ಆಮೇಲೆ ತಿನ್ನಿ. ಮೂರು ರಾತ್ರಿ ಸತತ ಹಾಡಿದರೆ ನಾಲ್ಕನೆಯದು ಗಂಟಲಿಗೆ ರಜೆ.

ಪುಸ್ತಿಕೆ, ಹಕ್ಕು

ಕೇಳಿದ ಪದವನ್ನು ಮನೆಗೆ ಒಯ್ಯುವವರಿಗೆ ಏನಾದರೂ ಇರಬೇಕು. ಒಂದು ಪುಸ್ತಿಕೆ ಮಾಡಿಸಿ: 1/8 ಡೆಮಿ (ಮಾಮೂಲಿ ಕಥೆ, ಕವಿತೆ ಪುಸ್ತಕದ ಅಳತೆ), 48 ಪುಟ, ಅಂದರೆ 16 ಪುಟದ ಮೂರು ಫಾರಂ, ನಡುವೆ ಪಿನ್ನು. ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡ, ಓದುವವರಲ್ಲಿ ವಯಸ್ಸಾದವರೇ ಹೆಚ್ಚು. ಬೆಲೆ 50 ಎಂದು ದುಂಡಗಿರಲಿ. ಕ್ಯುಆರ್ ಹಾಳೆ ಇಡಿ, ಆದರೆ ನೆಟ್‌ವರ್ಕ್ ಇಲ್ಲದ ಊರಿಗೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ಬೇಕು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ, ಹಾಕಿಸಿಬಿಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಬಯಲುಸೀಮೆಯಲ್ಲಿ ಪುಸ್ತಿಕೆಗಿಂತ ಪೆನ್‌ಡ್ರೈವ್ ಬೇಗ ಖರ್ಚಾದರೆ ಬೇಸರ ಬೇಡ: ಉಳುವಾಗ ಟ್ರ್ಯಾಕ್ಟರಿನಲ್ಲಿ ನಿಮ್ಮ ಹಾಡು ಕೇಳುತ್ತದೆ.

ಹಾಡು ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಿಲ್ಲ. ನಿಮ್ಮ ಜೀವಮಾನ ಮತ್ತು ಆನಂತರ 60 ವರ್ಷ ಅದು ಉಳಿಯುತ್ತದೆ. ಯಾರದೋ ಫೋನಿನ ವಿಡಿಯೊ ಮೊದಲು ಹರಡುವ ಮುನ್ನ ನಿಮ್ಮ ಹೆಸರು, ದಿನಾಂಕದೊಂದಿಗೆ ನೀವೇ ಒಂದು ಸರಳ ಧ್ವನಿಮುದ್ರಣ ಹಾಕಿಬಿಡಿ. ಧ್ವನಿಮುದ್ರಣದವರು ಒಪ್ಪಂದ ತಂದರೆ ಎರಡು ಸಾಲು ಹುಡುಕಿ: ಎಷ್ಟು ವರ್ಷ, ಯಾವ ಪ್ರದೇಶ. ಬರೆದಿರದಿದ್ದರೆ ಕಾನೂನು ಐದು ವರ್ಷ, ಭಾರತ ಎಂದು ಹಿಡಿಯುತ್ತದೆ. "ಶಾಶ್ವತ, ವಿಶ್ವವ್ಯಾಪಿ" ಎಂದು ಬರೆದಿದ್ದರೆ ಸಹಿ ಮಾಡುವ ಮುನ್ನ ಯೋಚಿಸಿ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ, ಸಂಗೀತದ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಟ್ಟೆ ಎಂಬ ಷರತ್ತಿಗೆ ಬೆಲೆಯಿಲ್ಲ. ಬೇರೆ ಕವಿಗಳ ಕವಿತೆಗೆ ನೀವು ರಾಗ ಹಾಕಿದ್ದರೆ ಇದೇ ಕಾನೂನು ಅವರ ಪರವೂ ಇದೆ. ಅನುಮತಿ ಪತ್ರ ಚೀಲದಲ್ಲಿರಲಿ.

ರಾತ್ರಿ 10ರ ಮೇಲೆ ವಾಪಸ್ ಬಸ್ಸಿಲ್ಲ. ಊರಿಗೆ ವಸ್ತಿ ಬಸ್ಸು ಬರುತ್ತದೆಯೇ, ಬೆಳಗ್ಗೆ ಎಷ್ಟಕ್ಕೆ ಬಿಡುತ್ತದೆ ಎಂದು ಬಂದಾಗಲೇ ಕೇಳಿಟ್ಟಿರಿ; ಸಾಧ್ಯವಾದರೆ ರಾತ್ರಿಯೇ ಡ್ರೈವರ್, ಕಂಡಕ್ಟರ್ ಇಬ್ಬರನ್ನೂ ಮಾತಾಡಿಸಿ, ವಾದ್ಯಗಳಿವೆ, ಮುಂದಿನ ಸೀಟು ಹಿಡಿಯುತ್ತೇವೆ ಎಂದು. ಮಲಗುವ ಮುನ್ನ ನೋಟ್‌ಪುಸ್ತಕದಲ್ಲಿ ಮೂರು ಸಾಲು: ಯಾವ ಪಲ್ಲವಿಗೆ ಜನ ದನಿ ಕೂಡಿಸಿದರು, ಯಾವ ಪದ ಕೇಳಲಿಲ್ಲವೆಂದು ಮಕ್ಕಳು ಬಂದು ಕೇಳಿದರು, ಮೈಕ್‌ಸೆಟ್ ಅಣ್ಣನ ಹೆಸರು ಮತ್ತು ಫೋನ್ ನಂಬರು. ಪಕ್ಕದ ಊರಿನ ಜಾತ್ರೆಗೂ ಹೆಚ್ಚಾಗಿ ಅವರದೇ ಸೆಟ್ಟು ಹೋಗುತ್ತದೆ, ಅಲ್ಲಿ ಹಾಡುವವರು ಬೇಕೆಂದು ಮೊದಲು ತಿಳಿಯುವುದೂ ಅವರಿಗೇ.